ಜೀರ್ಣಯಂತ್ರವೂ ಸೂತ್ರಧಾರನೂ

ಹುಟ್ಟಿದ ವಸ್ತುವೆಲ್ಲವೂ ಸವೆಯುವುದು. ಸವೆದುದು ಒಂದು ದಿನ ನಿಂತುಹೋಗುವುದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಹಾಗೆ ಕೆಟ್ಟುನಿಂತ ವಸ್ತುವನ್ನು ನೋಡುತ್ತ ಮನುಷ್ಯನು ಪಡುವ ಸಂಶಯವು ವಿಚಾರಯೋಗ್ಯವಾದುದು. ಮಾಳಿಗೆಯು ಸೋರಿದರೆ ಮೇಲೆ ಮಣ್ಣು ಹಾಕಿ ತುಳಿಸಬೇಕೋ, ತೊಲೆಗಳನ್ನೇ ಇಳಿಸಿ ಹೊಸದಾಗಿ ಕಟ್ಟಿಸಬೇಕೋ? ಬಾವಿಯು ಬತ್ತಿದರೆ ಹೂಳೆತ್ತಿಸಬೇಕೋ, ಬೇರೊಂದೆಡೆಯಲ್ಲಿ ತೋಡಿಸಬೇಕೋ? ಗೃಹಸ್ಥನಾದವನು ಇಂತಹ ಪ್ರಶ್ನೆಗಳಿಗೆ ಪ್ರತಿವರ್ಷವೂ ಉತ್ತರ ಹೇಳುತ್ತಲೇ ಇರುವನು. ಹಿರಿಯರು ಈ ಬಗೆಯ ಕಾರ್ಯಕ್ಕೆ ಜೀರ್ಣೋದ್ಧಾರವೆಂಬ ಹೆಸರನ್ನಿಟ್ಟರು. ಜೀರ್ಣವಾದುದನ್ನು ಮೇಲಕ್ಕೆತ್ತುವುದೆಂಬುದೇ ಆ ಪದದ ಅರ್ಥವು. ಇದ್ದುದನ್ನು ತಿದ್ದಿ ಮೇಲಕ್ಕೆತ್ತಬೇಕೋ, ಬದಲಾಯಿಸಿ ಮೇಲಕ್ಕೆತ್ತಬೇಕೋ ಎಂಬುದನ್ನು ಪದವು ಹೇಳುವುದಿಲ್ಲ. ಅದನ್ನು ಕರ್ತೃವಿನ ವಿವೇಕಕ್ಕೆ ಬಿಟ್ಟಿರುವುದು. ಯಂತ್ರಗಳಿಂದ ಅನ್ನವನ್ನು ಸಂಪಾದಿಸುವ ಈ ಕಾಲದಲ್ಲಿ ಆ ವಿವೇಕವು ಎಂತಹದಾಗಿರಬೇಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಚಳ್ಳಕೆರೆಯು ಬಹುಕಾಲದಿಂದ ಎಣ್ಣೆಗಿರಣಿಗಳ ಊರೆಂದು ಹೆಸರು ಪಡೆದುದು. ಸುತ್ತಣ ಸೀಮೆಯಲ್ಲಿ ಬೆಳೆದ ಶೇಂಗಾ ಕಾಯಿಯು ಇಲ್ಲಿಗೆ ಬಂದು, ಎಣ್ಣೆಯಾಗಿಯೂ ಹಿಂಡಿಯಾಗಿಯೂ ಹೊರಡುತ್ತಿದ್ದಿತು. ಗಿರಣಿಯಿದ್ದೆಡೆಯಲ್ಲಿ ಅದರ ಸವೆದ ಅಂಗಗಳನ್ನು ತಿದ್ದಿಕೊಡುವವರೂ ಇರಬೇಕಷ್ಟೆ. ಅಂತಹ ಒಂದು ಕಾರ್ಯಾಗಾರವನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಅದರ ಒಡೆಯರು ಅಣ್ಣತಮ್ಮಂದಿರು. ತಂದೆಯು ಕೈಯಿಂದ ನಡೆಯಿಸುವ ಲೇತಿನ ಮುಂದೆ ನಿಂತು ಸಂಸಾರವನ್ನು ಸಾಗಿಸಿದವನು. ಮಕ್ಕಳು ಬೆಂಗಳೂರಿನ ಪೀಣ್ಯದಲ್ಲಿ ಯಾರೋ ಬಳಸಿ ಬಿಟ್ಟ ಸಿ.ಎನ್.ಸಿ. ಲೇತೊಂದನ್ನು ಸಾಲಮಾಡಿ ತಂದರು. ಗಿರಣಿಯ ತಿರುಪುಗಳು, ಕೊಳವೆಬಾವಿಯ ಪಂಪಿನ ಭಾಗಗಳು, ಇವೇ ಅವರ ನಿತ್ಯದ ಕೆಲಸ. ಹೀಗಿರಲು ಒಂದು ದಿನ ಬೆಳಗ್ಗೆ ಸ್ವಿಚ್ಚು ಹಾಕಿದರೆ ಯಂತ್ರದ ಪರದೆಯ ಮೇಲೆ ಅಕ್ಷರವೇ ಮೂಡಲಿಲ್ಲ. ಗಿರಣಿಯವರಿಗೆ ಕೊಟ್ಟ ಮಾತಿನ ಗಡುವು ಹತ್ತಿರವಾಗಿರುವುದು. ಸಾಲದ ಕಂತು ಬಾಕಿಯಿರುವುದು. ಹದಿನೆಂಟು ವರ್ಷಗಳಿಂದ ಆ ಯಂತ್ರವನ್ನೇ ನಡೆಯಿಸುತ್ತ ಬಂದ ಕೆಲಸಗಾರನು ಕೈಕಟ್ಟಿಕೊಂಡು ನಿಂತಿರುವನು.

ಇಲ್ಲಿ ಯಂತ್ರದ ರಚನೆಯನ್ನು ಸ್ವಲ್ಪ ತಿಳಿಯಬೇಕು. ಅದರಲ್ಲಿ ಎರಡು ಭಾಗಗಳುಂಟು. ಒಂದು ಎರಕಹೊಯ್ದ ಕಬ್ಬಿಣದ ಒಡಲು. ಒಳ್ಳೆಯ ಎರಕವಾದರೆ, ಎಣ್ಣೆ ಕಂಡು ನಡೆದರೆ, ಈ ಒಡಲು ಮೂವತ್ತು ನಲವತ್ತು ವರ್ಷ ಬಾಳುವುದು. ಮತ್ತೊಂದು ನಿಯಂತ್ರಕ, ಕೆಲಸದವರ ಮಾತಿನಲ್ಲಿ ಕಂಟ್ರೋಲರು. ಎಷ್ಟು ದೂರ ಸರಿಯಬೇಕು, ಎಷ್ಟು ವೇಗದಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕೆಂಬ ಆಜ್ಞೆಗಳನ್ನು ಅಂಕೆಗಳ ರೂಪದಲ್ಲಿ ಪಡೆದು, ಮೋಟರುಗಳಿಗೆ ತಿಳಿಸುವುದು ಇದರ ಕೆಲಸ. ಇದರ ಆಯುಸ್ಸು ಒಡಲಿನ ಆಯುಸ್ಸಿನಷ್ಟಿಲ್ಲ. ಬೋರ್ಡಿನ ಮೇಲಿನ ಕೆಪಾಸಿಟರುಗಳು ಒಣಗುವುವು, ಪರದೆಯು ಮಸಕಾಗುವುದು, ಬಿಡಿಭಾಗಗಳ ತಯಾರಿಕೆಯು ನಿಂತುಹೋಗುವುದು. ಹೀಗೆ ಗಟ್ಟಿಯಾದ ಮೈಯಲ್ಲಿ ಮುಪ್ಪಾದ ಮೆದುಳಿನಂತೆ ಒಂದು ಅವಸ್ಥೆಯು ಪ್ರಾಪ್ತವಾಗುವುದು. ಆಗ ಇರುವ ದಾರಿಗಳು ಎರಡು. ಕೆಟ್ಟ ಬೋರ್ಡನ್ನು ತಿದ್ದಿಸಿಯೋ, ಹಳೆಯ ಬೋರ್ಡನ್ನೇ ಎಲ್ಲಿಂದಾದರೂ ಹುಡುಕಿ ತಂದೋ ಯಂತ್ರವನ್ನು ಮೊದಲಿನಂತೆ ನಡೆಯಿಸುವುದು ಒಂದು. ಒಡಲನ್ನು ಉಳಿಸಿಕೊಂಡು, ನಿಯಂತ್ರಕ, ಮೋಟರು, ತಂತಿ ಎಲ್ಲವನ್ನೂ ತೆಗೆದು ಹೊಸವನ್ನು ಕೂಡಿಸುವುದು ಮತ್ತೊಂದು. ಇದಕ್ಕೆ ಕಾರ್ಯಾಗಾರಗಳಲ್ಲಿ ರಿಟ್ರೋಫಿಟ್ ಎಂದು ಹೆಸರು.

ಅಣ್ಣನು ದುರಸ್ತಿಯ ಪಕ್ಷದವನು. ಅವನ ವಾದವು ಹೀಗಿರುವುದು: “ಈ ಯಂತ್ರವು ನಮ್ಮನ್ನು ಸಾಕಿತು. ಇದರ ಗುಣದೋಷಗಳು ನಮಗೆ ಗೊತ್ತು. ಕೆಟ್ಟಿರುವುದು ಒಂದು ಬೋರ್ಡು. ಒಂದು ಹಲ್ಲು ಅಲುಗಾಡಿತೆಂದು ತಲೆಯನ್ನೇ ಬದಲಾಯಿಸುವವರುಂಟೆ? ಹೊಸ ನಿಯಂತ್ರಕಕ್ಕೆ ಸಾಲ ತೆಗೆದರೆ ಅದೂ ಹದಿನೈದು ವರ್ಷಕ್ಕೆ ಹಳೆಯದಾಗುವುದು. ಆಗ ಮತ್ತೆ ಸಾಲ. ಅಪ್ಪನ ಎಚ್.ಎಂ.ಟಿ. ಲೇತು ಇಂದಿಗೂ ಮೂಲೆಯಲ್ಲಿ ತಿರುಗುತ್ತಿಲ್ಲವೆ? ತಿದ್ದಿ ತಿದ್ದಿ ನಡೆಯಿಸಿದುದರಿಂದಲೇ ಅದು ಉಳಿಯಿತು.” ಈ ಮಾತಿನಲ್ಲಿ ಬರಿಯ ಲೋಭವಾಗಲಿ ಸೋಮಾರಿತನವಾಗಲಿ ಇಲ್ಲ. ಕೃತಜ್ಞತೆಯಿರುವುದು, ಮಿತವ್ಯಯವಿರುವುದು, ಇದ್ದುದನ್ನು ಬಿಸಾಡಬಾರದೆಂಬ ಹಳೆಯ ಸಂಸಾರದ ಶಿಕ್ಷಣವಿರುವುದು. ಇದೇ ಸೀಮೆಯ ಕುರುಬರ ಕಂಬಳಿಯನ್ನು ಮುಂಗಾರು ಮಳೆಯಲ್ಲಿ ಹೊದ್ದವನು, ಅದು ಹರಿದರೆ ಹೊಲಿದು ಹೊದೆಯುವನೇ ಹೊರತು, ಮೊದಲ ತೂತಿಗೇ ಎಸೆಯುವುದಿಲ್ಲ.

ತಮ್ಮನು ಬದಲಾವಣೆಯ ಪಕ್ಷದವನು. ಅವನು ಹೇಳುವುದೇನೆಂದರೆ: “ಅಣ್ಣ, ನೀನು ಹೇಳುವುದು ನಿಜ. ಆದರೆ ಹೋದ ವರ್ಷ ಎರಡು ಸಲ ನಿಂತಿತು; ಈ ವರ್ಷ ಇದು ಮೂರನೆಯದು. ಒಂದೊಂದು ಸಲವೂ ಬೆಂಗಳೂರಿನಿಂದ ಬರುವವರಿಗಾಗಿ ಕಾಯುವುದು. ಅವರು ತರುವ ಬೋರ್ಡೂ ಮತ್ತೊಂದು ಸತ್ತ ಯಂತ್ರದಿಂದ ಕಿತ್ತುದೇ. ಅದು ಎಷ್ಟು ದಿನ ಬಾಳುವುದೆಂದು ಅವರಿಗೂ ಗೊತ್ತಿಲ್ಲ. ಕಾದಿರುವ ಗಿರಣಿಯವನಿಗೆ ಏನು ಹೇಳೋಣ? ಕೆಲಸವಿಲ್ಲದ ದಿನ ಕೂಲಿಯವನ ಮನೆಯಲ್ಲಿ ಏನು ಬೇಯುವುದು?” ಈ ಮಾತಿನಲ್ಲಿಯೂ ಬರಿಯ ಹೊಸತಿನ ಚಪಲವಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬ ಸತ್ಯನಿಷ್ಠೆಯಿರುವುದು. ತನ್ನನ್ನು ನಂಬಿದವನ ಅನ್ನದ ಚಿಂತೆಯಿರುವುದು. ಹಳೆಯದೆಂಬ ಮಾತ್ರಕ್ಕೆ ಯಾವುದೂ ಸಾಧುವಲ್ಲವೆಂದು ಕಾಳಿದಾಸನು ಮಾಳವಿಕಾಗ್ನಿಮಿತ್ರದ ಆರಂಭದಲ್ಲಿಯೇ ಸೂತ್ರಧಾರನಿಂದ ಹೇಳಿಸಿರುವನಷ್ಟೆ.

ಉಭಯ ಪಕ್ಷಗಳಲ್ಲಿಯೂ ಧರ್ಮವಿರುವಾಗ ನಿರ್ಣಯವು ಸುಲಭವಲ್ಲ. ಲೆಕ್ಕದ ಪುಸ್ತಕವನ್ನು ತೆಗೆದು ನೋಡಿದರೆ ಸಾಕೆಂದು ಕೆಲವರು ಹೇಳಬಹುದು. ದುರಸ್ತಿಯ ಖರ್ಚು ಇಷ್ಟು, ಹೊಸ ನಿಯಂತ್ರಕದ ಖರ್ಚು ಇಷ್ಟು, ನಿಂತ ದಿನಗಳ ನಷ್ಟವು ಇಷ್ಟೆಂದು ಕೂಡಿ ಕಳೆದರೆ ಉತ್ತರವು ತಾನೇ ಬರುವುದಿಲ್ಲವೆ? ಲೆಕ್ಕವನ್ನು ಮಾಡಲೇಬೇಕು, ಲೆಕ್ಕವಿಲ್ಲದ ಧರ್ಮವು ಸಂಸಾರಿಗೆ ಒದಗದು. ಆದರೆ ಯಾವುದನ್ನು ನಷ್ಟವೆಂದು ಬರೆಯಬೇಕೆಂಬುದನ್ನು ಲೆಕ್ಕದ ಪುಸ್ತಕವು ಹೇಳುವುದಿಲ್ಲ. ಹದಿನೆಂಟು ವರ್ಷಗಳಲ್ಲಿ ಕೆಲಸಗಾರನ ಕಿವಿಗೆ ಬಂದ ಜ್ಞಾನ, ಅಂದರೆ ಉಳಿಯು ಮೊಂಡಾಗುವ ಮುಂಚೆ ಶಬ್ದದಲ್ಲಾಗುವ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯು ಯಾವ ಪುಟದಲ್ಲಿಯೂ ಬರೆಯಲ್ಪಟ್ಟಿಲ್ಲ. ಆದಕಾರಣ ಈ ಪ್ರಶ್ನೆಯ ಬೇರನ್ನು ಇನ್ನೂ ಸ್ವಲ್ಪ ಆಳದಲ್ಲಿ ಹುಡುಕಬೇಕು. ಆ ಬೇರು ಚಳ್ಳಕೆರೆಯಿಂದ ಉತ್ತರಕ್ಕಿರುವ ಮೊಳಕಾಲ್ಮೂರಿನಲ್ಲಿಯೇ ದೊರೆಯುವುದೆಂದರೆ ಕೆಲವರಿಗೆ ವಿನೋದವಾಗಿ ತೋರಬಹುದು.

ಮೊಳಕಾಲ್ಮೂರಿನ ರೇಷ್ಮೆಯ ಸೀರೆಯು ನಾಡಿಗೆಲ್ಲ ಪರಿಚಿತವಾದುದು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿರುವುದು. ಅದರ ಅಂಚಿನಲ್ಲಿಯೂ ಸೆರಗಿನಲ್ಲಿಯೂ ಮೂಡುವ ನವಿಲು, ಹೂವು, ಹಣ್ಣುಗಳನ್ನು ನೇಕಾರನು ಲೇಖನಿಯಿಂದ ಬರೆಯುವುದಿಲ್ಲ. ಹೊಕ್ಕಿನ ಒಂದೊಂದು ಎಳೆಗೂ ಹಾಸಿನ ಯಾವ ಯಾವ ಎಳೆಗಳು ಮೇಲೇಳಬೇಕೆಂಬುದನ್ನು ಮಗ್ಗದ ಮೇಲೆ ಕುಳಿತ ಜಕಾರ್ಡೆಂಬ ಸಾಧನವು ನಿರ್ಣಯಿಸುವುದು. ಅದರಲ್ಲಿ ರಟ್ಟಿನ ಕಾರ್ಡುಗಳು ಸರದಂತೆ ಪೋಣಿಸಲ್ಪಟ್ಟಿರುವುವು. ನೇಕಾರನು ಕಾಲಿನಿಂದ ತುಳಿದಾಗ ಒಂದು ಕಾರ್ಡು ಸೂಜಿಗಳ ಎದುರಿಗೆ ಬರುವುದು. ರಂಧ್ರವಿದ್ದೆಡೆಯಲ್ಲಿ ಸೂಜಿಯು ಒಳಗೆ ತೂರುವುದು, ಅದರ ಕೊಕ್ಕೆಯು ಎಳೆಯನ್ನು ಮೇಲಕ್ಕೆತ್ತುವುದು. ರಂಧ್ರವಿಲ್ಲದೆಡೆಯಲ್ಲಿ ಎಳೆಯು ಕೆಳಗೇ ಉಳಿಯುವುದು. ಹೌದು, ಇಲ್ಲ ಎಂಬ ಈ ಎರಡೇ ಮಾತುಗಳಿಂದ ನವಿಲು ಹುಟ್ಟುವುದು. ಮಗ್ಗದ ನಿಯಂತ್ರಕವೆಂದರೆ ಇದೇ.

ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡನು ತನ್ನ ಹಿಂದಿನವರ ಪ್ರಯತ್ನಗಳನ್ನು ಕೂಡಿಸಿ, ೧೮೦೪ರ ಸುಮಾರಿಗೆ ಈ ಸಾಧನವನ್ನು ಪೂರ್ಣಗೊಳಿಸಿದನು. ಅದಕ್ಕೆ ಮುಂಚೆ ಅಲ್ಲಿಯ ಚಿತ್ರಮಗ್ಗಗಳ ಪಕ್ಕದಲ್ಲಿ ಒಬ್ಬ ಹುಡುಗನು ಕುಳಿತು ದಿನವೆಲ್ಲ ಹುರಿಗಳನ್ನು ಎಳೆಯುತ್ತಿದ್ದನು. ಆ ಹುಡುಗನ ತೋಳುಗಳಿಗೆ ಬಿಡುವು ದೊರಕಿಸಿದುದು ಜಕಾರ್ಡೇ. ಆದರೆ ಲಿಯೋನಿನ ನೇಕಾರರು ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ಅದನ್ನು ದ್ವೇಷಿಸಿದುದೂ ಉಂಟು. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಇದೇ ರಂಧ್ರದ ಕಾರ್ಡುಗಳನ್ನು ಯೋಜಿಸಿದನು. ೧೯೫೨ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ರಂಧ್ರದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆದು ಲೋಹವನ್ನು ಕೊರೆಯುವ ಯಂತ್ರವನ್ನು ಪ್ರದರ್ಶಿಸಿದರು. ಆ ಪಟ್ಟಿಯ ಸ್ಥಾನಕ್ಕೆ ಗಣಕವು ಬಂದಾಗ ಸಿ.ಎನ್.ಸಿ. ಎಂಬ ಹೆಸರು ಹುಟ್ಟಿತು. ಹೀಗೆ ಚಳ್ಳಕೆರೆಯ ಲೇತಿಗೂ ಮೊಳಕಾಲ್ಮೂರಿನ ಮಗ್ಗಕ್ಕೂ ಒಂದೇ ವಂಶವು. ಇಂದು ನೇಕಾರನ ಮನೆಯ ಮುಂದೆಯೂ ಅದೇ ಪ್ರಶ್ನೆಯು ಬಂದು ನಿಂತಿರುವುದು. ಹರಿದ ಕಾರ್ಡುಗಳನ್ನು ಮತ್ತೆ ಕತ್ತರಿಸಿ ಪೋಣಿಸಬೇಕೋ, ಅಥವಾ ಕಾರ್ಡುಗಳೇ ಬೇಡವೆಂದು, ಪ್ರತಿಯೊಂದು ಕೊಕ್ಕೆಯನ್ನೂ ವಿದ್ಯುತ್ತಿನ ಅಯಸ್ಕಾಂತದಿಂದ ಹಿಡಿದು ಬಿಡುವ ಎಲೆಕ್ಟ್ರಾನಿಕ್ ಜಕಾರ್ಡನ್ನು ಮಗ್ಗದ ಮೇಲೆ ಕೂರಿಸಬೇಕೋ?

ಹಾಗೆ ಮಾಡಿದರೆ ಅದು ಅದೇ ಮಗ್ಗವೆ, ಬೇರೆಯೆ ಎಂದು ತಾರ್ಕಿಕರು ಕೇಳಬಹುದು. ನೈಯಾಯಿಕರಿಗೆ ಈ ವಿಚಾರದಲ್ಲಿ ಅತ್ಯಂತ ಪ್ರಿಯವಾದ ಉದಾಹರಣೆಯು ತಂತು ಮತ್ತು ಪಟವೇ. ಬಟ್ಟೆಯಿಂದ ಒಂದು ನೂಲನ್ನು ಕಿತ್ತರೆ ಹಳೆಯ ಬಟ್ಟೆಯು ನಾಶವಾಗಿ, ಖಂಡಪಟವೆಂಬ ಹೊಸ ಬಟ್ಟೆಯು ಹುಟ್ಟಿತೆಂದು ಅವರು ಸಾಧಿಸುವರು. ವ್ಯವಹಾರದಲ್ಲಿರುವ ಜನರು ಇದನ್ನು ಒಪ್ಪದೆ, ಅಜ್ಜಿಯ ಸೀರೆಯನ್ನು ಅಜ್ಜಿಯ ಸೀರೆಯೆಂದೇ ಕರೆಯುವರು. ಹೆಸರಿನ ಪ್ರಶ್ನೆಯು ನಿಷ್ಪ್ರಯೋಜಕವೇನೂ ಅಲ್ಲ. ೧೯೮೫ರ ಶಾಸನವು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಾಗಿಟ್ಟಿರುವುದು. ವಿದ್ಯುಚ್ಚಾಲಿತವಲ್ಲದ ಮಗ್ಗವೇ ಕೈಮಗ್ಗವೆಂಬುದು ಅದರ ಲಕ್ಷಣ. ಮಗ್ಗಕ್ಕೆ ಯಾವ ಹೆಸರೆಂಬುದರ ಮೇಲೆ ಎಷ್ಟೋ ಮನೆಗಳ ಒಲೆಯು ಉರಿಯುವುದು. ಆದರೂ ಹೆಸರು ನಿರ್ಣಯವಾದ ಮಾತ್ರಕ್ಕೆ ಕರ್ತವ್ಯವು ನಿರ್ಣಯವಾಗದು. ಅದೇ ಯಂತ್ರವೆಂದರೂ ಬೇರೆ ಯಂತ್ರವೆಂದರೂ, ಏನು ಮಾಡತಕ್ಕದ್ದೆಂಬ ಪ್ರಶ್ನೆಯು ಹಾಗೆಯೇ ಉಳಿಯುವುದು.

ಭಗವದ್ಗೀತೆಯಲ್ಲಿ ಜೀರ್ಣವಸ್ತ್ರದ ದೃಷ್ಟಾಂತವು ಪ್ರಸಿದ್ಧವಾಗಿರುವುದು. ಬಟ್ಟೆಯು ಹಳೆಯದಾದರೆ ಬಿಡುವಂತೆ ದೇಹಿಯು ಹಳೆಯ ದೇಹವನ್ನು ಬಿಡುವನು. ಒಳಗಿನವನು ಉಳಿಯುವನು, ಹೊರಗಿನದು ಬದಲಾಗುವುದು. ರಿಟ್ರೋಫಿಟ್ಟಿನಲ್ಲಿ ಇದು ತಲೆಕೆಳಗಾದಂತೆ ತೋರುವುದು. ಕಬ್ಬಿಣದ ದೇಹವು ಉಳಿಯುವುದು, ಒಳಗೆ ಆಳುವುದು ಬದಲಾಗುವುದು. ನಿಯಂತ್ರಕವೇ ಯಂತ್ರದ ಆತ್ಮವೆಂದು ತಿಳಿದವರಿಗೆ ಈ ಸಂಗತಿಯು ವಿಚಿತ್ರವಾಗಿ ಕಾಣುವುದು ಸಹಜವೇ. ಆದರೆ ನಿಯಂತ್ರಕವನ್ನು ಆತ್ಮವೆನ್ನಲು ಆಧಾರವೇನು? ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಕಡಿವಾಣಕ್ಕೂ, ಬುದ್ಧಿಯನ್ನು ಸಾರಥಿಗೂ, ಆತ್ಮನನ್ನು ರಥದಲ್ಲಿ ಕುಳಿತವನಿಗೂ ಹೋಲಿಸಿರುವುದು. ಈ ದೃಷ್ಟಾಂತವನ್ನು ಕಾರ್ಯಾಗಾರಕ್ಕೆ ತಂದರೆ, ಕಬ್ಬಿಣದ ಒಡಲೇ ರಥ, ಮೋಟರುಗಳೇ ಕುದುರೆಗಳು, ನಿಯಂತ್ರಕವು ಕಡಿವಾಣ. ಸಾರಥಿಯು ಕೆಲಸಗಾರನ ಬುದ್ಧಿ. ಕಡಿವಾಣವು ಹಳೆಯದಾದರೆ ಹೊಲಿಯಬಹುದು, ಹೊಸದನ್ನು ತರಬಹುದು. ಎರಡರಲ್ಲಿಯೂ ಪಾಪವಿಲ್ಲ, ಪುಣ್ಯವೂ ಇಲ್ಲ. ಸಾರಥಿಯ ಕೈಯಿಂದ ಕಡಿವಾಣವು ಜಾರಿದರೆ ಮಾತ್ರ ರಥಕ್ಕೂ ಅದರಲ್ಲಿ ಕುಳಿತವನಿಗೂ ಅಪಾಯವು ತಪ್ಪದು.

ಸೂತ್ರವು ಕೈಯಿಂದ ಜಾರುವುದೆಂದರೇನೆಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಒಂದು ಮಹಾನಿದರ್ಶನವಿರುವುದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದರು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ವಿಧಿಸಿ, ಇದೇ ಪುರಾತನವಾದ ನಡೆ, ಇದು ದೀರ್ಘಾಯುಸ್ಸಿಗೆ ಕಾರಣವೆಂದು ಅಲ್ಲಿ ಹೇಳಿರುವುದು. ಬರೆದ ಲಿಪಿಕಾರನು ಚಪಡನೆಂಬವನು. ಆ ಕಲ್ಲಿನ ಒಡಲಿಗೆ ಎರಡು ಸಾವಿರ ವರ್ಷಗಳಲ್ಲಿ ಏನೂ ಆಗಲಿಲ್ಲ. ಆದರೆ ಓದುವವರು ಇಲ್ಲವಾದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀಲಿಪಿಯ ರಹಸ್ಯವನ್ನು ಭೇದಿಸುವವರೆಗೂ ನಾಡಿನಲ್ಲಿ ಯಾರಿಗೂ ಅಂತಹ ಅಕ್ಷರಗಳು ತಿಳಿಯುತ್ತಿರಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡೆಂದು ಕರೆಯುತ್ತಿದ್ದರು. ಅಕ್ಷರವೆಂಬುದು ಗೊತ್ತಿದ್ದಿತು, ಅರ್ಥವು ಗೊತ್ತಿರಲಿಲ್ಲ. ವಸ್ತುವು ಉಳಿದೂ ಜ್ಞಾನವು ಹೋದರೆ ಉಳಿಯುವುದು ಗುಂಡು ಮಾತ್ರ.

ಯಂತ್ರಗಳಲ್ಲಿ ಈ ನಾಶಕ್ಕೆ ಎರಡು ಸಾವಿರ ವರ್ಷಗಳೇನೂ ಬೇಕಾಗುವುದಿಲ್ಲ. ಹಳೆಯ ನಿಯಂತ್ರಕಗಳ ನೆನಪಿನಲ್ಲಿ ಪ್ಯಾರಾಮೀಟರುಗಳೆಂಬ ಅಂಕೆಗಳಿರುವುವು. ಆ ಯಂತ್ರದ ತಿರುಪಿನಲ್ಲಿರುವ ಸಣ್ಣ ದೋಷವೆಷ್ಟು, ಎಲ್ಲಿಯವರೆಗೆ ಸರಿಯಬಹುದು, ಮೋಟರಿಗೆ ಎಷ್ಟು ಬಲ ಎಂಬಿವೇ ಮೊದಲಾದ ಸಂಗತಿಗಳೆಲ್ಲವೂ ಅವುಗಳಲ್ಲಿ ಅಡಗಿರುವುವು. ಅನೇಕ ಯಂತ್ರಗಳಲ್ಲಿ ಈ ನೆನಪನ್ನು ಕಾಯುವುದು ಅಲ್ಪ ಬೆಲೆಯ ಒಂದು ಬ್ಯಾಟರಿ. ಯಂತ್ರಕ್ಕೆ ವಿದ್ಯುತ್ತು ಹರಿಯುತ್ತಿರುವಾಗಲೇ ಅದನ್ನು ಬದಲಾಯಿಸಿದರೆ ನೆನಪು ಉಳಿಯುವುದು. ಸ್ವಿಚ್ಚು ಆರಿಸಿ ಬದಲಾಯಿಸಿದರೆ ಎಲ್ಲವೂ ಅಳಿಸಿಹೋಗುವುದು. ಅಂಕೆಗಳನ್ನು ಮೊದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟವನು ಅರ್ಧ ದಿನದಲ್ಲಿ ಯಂತ್ರವನ್ನು ಎಬ್ಬಿಸುವನು; ಬರೆದಿಡದವನು ಪರಸ್ಥಳದವರ ದಾರಿ ನೋಡುತ್ತ ವಾರಗಟ್ಟಲೆ ಕೂಡುವನು. ಹೊಸ ನಿಯಂತ್ರಕವನ್ನು ತಂದವನ ಅವಸ್ಥೆಯೂ ಬೇರೆಯಾಗಿರುವುದಿಲ್ಲ. ಅದನ್ನು ಕೂಡಿಸಲು ಬಂದವರು ರಹಸ್ಯಪದವನ್ನು ತಮ್ಮಲ್ಲಿಯೇ ಇಟ್ಟುಕೊಂಡು ಹೊರಟುಹೋದರೆ, ಯಂತ್ರವು ಹೊಸದಾದರೂ ಒಡೆಯನು ಅದಕ್ಕೆ ಹೊರಗಿನವನೇ ಆಗುವನು. ಹಾಗಾದರೆ ಹಳೆಯದನ್ನು ಉಳಿಸಿದವನೂ ಪರಾಧೀನನ, ಹೊಸದನ್ನು ತಂದವನೂ ಪರಾಧೀನನ. ಭೇದವಿರುವುದು ಹಳೆಯದಕ್ಕೂ ಹೊಸದಕ್ಕೂ ನಡುವೆಯಲ್ಲ, ತಿಳಿದವನಿಗೂ ತಿಳಿಯದವನಿಗೂ ನಡುವೆ.

ಈ ವಿಚಾರವು ದೇಶಕ್ಕೆ ಹೊಸತಲ್ಲ. ಗಾಂಧೀಜಿಯವರ ಪ್ರೇರಣೆಯಿಂದ ೧೯೨೯ರಲ್ಲಿ ಅಖಿಲ ಭಾರತ ಚರಖಾ ಸಂಘವು ಉತ್ತಮವಾದ ಚರಕಕ್ಕೆ ಒಂದು ಲಕ್ಷ ರೂಪಾಯಿಯ ಬಹುಮಾನವನ್ನು ಸಾರಿತು. ನೂಲು ಎಷ್ಟು ಬರಬೇಕೆಂಬುದರ ಜೊತೆಗೆ ಬೇರೆ ಷರತ್ತುಗಳೂ ಇದ್ದುವು. ಬೆಲೆಯು ೧೫೦ ರೂಪಾಯಿಯನ್ನು ಮೀರಬಾರದು; ಹಳ್ಳಿಯ ಗುಡಿಸಲಿನಲ್ಲಿ ಹೆಂಗಸೊಬ್ಬಳು ಎಂಟು ಗಂಟೆ ಹೆಚ್ಚು ಆಯಾಸವಿಲ್ಲದೆ ನಡೆಯಿಸುವಂತಿರಬೇಕು; ಇಪ್ಪತ್ತು ವರ್ಷವಾದರೂ ಬಾಳಬೇಕು; ವರ್ಷದ ದುರಸ್ತಿಯ ಖರ್ಚು ಬೆಲೆಯ ನೂರಕ್ಕೆ ಐದು ಪಾಲನ್ನು ಮೀರಬಾರದು. ದುರಸ್ತಿಯೆಂಬುದನ್ನು ಯಂತ್ರವು ಕೆಟ್ಟ ಮೇಲೆ ಯೋಚಿಸತಕ್ಕ ವಿಷಯವೆಂದು ತಿಳಿಯದೆ, ಯಂತ್ರವು ಹುಟ್ಟುವ ಮೊದಲೇ ಅದರ ಧರ್ಮದಲ್ಲಿ ಸೇರಿಸಿದುದನ್ನು ಇಲ್ಲಿ ಗಮನಿಸಬೇಕು. ಈಚೆಗೆ ೨೦೨೨ರಲ್ಲಿ ಭಾರತ ಸರ್ಕಾರವೂ ದುರಸ್ತಿಯ ಹಕ್ಕೆಂಬ ವಿಷಯವನ್ನು ಕೈಗೆತ್ತಿಕೊಂಡು, ಬೇಸಾಯದ ಉಪಕರಣ, ದೂರವಾಣಿ, ಗೃಹೋಪಕರಣ, ವಾಹನ ಎಂಬ ನಾಲ್ಕು ಬಗೆಯ ವಸ್ತುಗಳಿಂದ ಆರಂಭಿಸಿತು. ಕಾರ್ಯಾಗಾರದ ಲೇತಾಗಲಿ ನೇಕಾರನ ಜಕಾರ್ಡಾಗಲಿ ಆ ನಾಲ್ಕರಲ್ಲಿ ಬರಲಿಲ್ಲ. ಸರ್ಕಾರವು ಕೊಡದ ಹಕ್ಕನ್ನು ಒಡೆಯನು ಕೊಳ್ಳುವಾಗಲೇ ಕೇಳಿ ಪಡೆಯಬೇಕಾಗುವುದು.

ಈಗ ಸಿದ್ಧಾಂತವನ್ನು ಹೇಳಬಹುದು. ದುರಸ್ತಿಯೋ ಬದಲಾವಣೆಯೋ ಎಂಬ ಸಂಶಯದಲ್ಲಿ ಸಿಕ್ಕಿದವನು ತನ್ನನ್ನು ತಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಒಡಲು ಗಟ್ಟಿಯಾಗಿರುವುದೆ? ಜಾರುಪಟ್ಟಿಗಳು ಸವೆದ, ತಿರುಪಿನಲ್ಲಿ ಸಡಿಲವಿರುವ ಲೇತಿಗೆ ಎಂತಹ ನಿಯಂತ್ರಕವನ್ನು ಕೂಡಿಸಿದರೂ ಅದು ಸರಿಯಾದ ಅಳತೆಯನ್ನು ಕೊಡದು. ಕಟ್ಟು ಸಡಿಲವಾದ ಮಗ್ಗದ ಮೇಲೆ ಎಂತಹ ಜಕಾರ್ಡೂ ನೇರವಾದ ಅಂಚನ್ನು ಕೊಡದು. ಇದನ್ನು ನೋಡದೆ ಹಣ ಸುರಿಯುವುದು ಮೋಹವು. ಎರಡನೆಯದು, ಈ ಕಾರ್ಯವಾದ ಮೇಲೆ ಸೂತ್ರವು ಯಾರ ಕೈಯಲ್ಲಿರುವುದು? ಊರಿನಲ್ಲಿ ಒಬ್ಬನಾದರೂ ಅದನ್ನು ಬಿಚ್ಚಿ, ಓದಿ, ತಿದ್ದಬಲ್ಲನೆ? ಆಜ್ಞೆಗಳ ಪ್ರತಿಯೂ ವಿವರಣೆಯ ಪುಸ್ತಕವೂ ಮನೆಯಲ್ಲಿರುವುವೆ? ಮೂರನೆಯದು, ಲೆಕ್ಕವು ತಪ್ಪಿದರೆ ನಷ್ಟವು ಯಾರ ಬೆನ್ನ ಮೇಲೆ ಬೀಳುವುದು? ಒಡೆಯನ ಹಠಕ್ಕಾಗಿ ಕೂಲಿಯವನು ಉಪವಾಸವಿರುವಂತಾದರೆ ದುರಸ್ತಿಯೂ ಅಧರ್ಮವೇ. ಒಡೆಯನ ಆಡಂಬರಕ್ಕಾಗಿ ಅನುಭವಿಯಾದ ಕೆಲಸಗಾರನು ಮೂಲೆಗೆ ಬೀಳುವಂತಾದರೆ ಬದಲಾವಣೆಯೂ ಅಧರ್ಮವೇ.

ಈ ಮೂರರಲ್ಲಿ ಎರಡನೆಯದೇ ಮುಖ್ಯವು. ಇದನ್ನು ನೇಕಾರನ ಮನೆಗೆ ಅನ್ವಯಿಸಿ ನೋಡಿದರೆ ಒಂದು ಅನಿರೀಕ್ಷಿತವಾದ ಫಲವು ದೊರೆಯುವುದು. ಹರಿದ ರಟ್ಟಿನ ಕಾರ್ಡನ್ನು ನೇಕಾರನೇ ತಿದ್ದಬಲ್ಲನು. ಆದುದರಿಂದ ಹಳೆಯ ಜಕಾರ್ಡು ಸ್ವಾಧೀನವಾದುದೆಂದು ಮೊದಲಿಗೆ ತೋರುವುದು. ಆದರೆ ಆ ಕಾರ್ಡುಗಳನ್ನು ಮೊದಲು ಕತ್ತರಿಸಿದವರು ಯಾರು? ಚಿತ್ರವನ್ನು ಬರೆದವರು ಬೇರೆ, ಕತ್ತರಿಸಿದವರು ಬೇರೆ, ಅನೇಕ ವೇಳೆ ಕಾರ್ಡುಗಳ ಸರವು ಬಂಡವಾಳ ಹಾಕಿದವನ ಸೊತ್ತು. ನೇಕಾರನು ತುಳಿಯುವವನು ಮಾತ್ರ. ಈಗ ಆ ಮನೆಯ ಮಗಳೊಬ್ಬಳು ಗಣಕವನ್ನು ಕಲಿತು, ತಂದೆಯ ಪಕ್ಕದಲ್ಲಿ ಕುಳಿತು, ತಾನೇ ನವಿಲನ್ನು ಬಿಡಿಸಿ ಎಲೆಕ್ಟ್ರಾನಿಕ್ ಜಕಾರ್ಡಿಗೆ ಉಣಿಸಬಲ್ಲಳಾದರೆ, ಹಿಂದೆ ಎಂದೂ ಆ ಮನೆಯಲ್ಲಿಲ್ಲದ ಸೂತ್ರವು ಈಗ ಮನೆಗೆ ಬಂದಂತಾಗುವುದು. ಅದೇ ಪೆಟ್ಟಿಗೆಯನ್ನು ಕೊಟ್ಟವರು ಚಿತ್ರಗಳನ್ನೂ ತಾವೇ ಕೊಟ್ಟು, ಕೆಟ್ಟರೆ ತಾವೇ ಬಂದು ತೆರೆಯಬೇಕೆಂದು ಕಟ್ಟು ಮಾಡಿದರೆ, ಇದ್ದ ಅಲ್ಪ ಸ್ವಾತಂತ್ರ್ಯವೂ ಹೋಗುವುದು. ಒಂದೇ ವಸ್ತುವು ಒಂದು ಮನೆಯಲ್ಲಿ ಬಿಡುಗಡೆಯೂ ಮತ್ತೊಂದು ಮನೆಯಲ್ಲಿ ಬಂಧನವೂ ಆಗಬಲ್ಲುದು. ಹಳೆಯದೆಲ್ಲ ಸ್ವಂತ, ಹೊಸದೆಲ್ಲ ಪರಕೀಯ ಎಂಬ ಭಾವನೆಯು ಇಲ್ಲಿ ನಿಲ್ಲದು.

ಇದಕ್ಕೆ ಒಂದು ಆಕ್ಷೇಪವುಂಟು. ಪ್ರತಿಯೊಬ್ಬನೂ ತನ್ನ ಯಂತ್ರದ ಮರ್ಮವನ್ನೆಲ್ಲ ತಿಳಿಯಬೇಕೆಂದರೆ ಲೋಕವು ನಡೆಯುವುದೆ? ಚಳ್ಳಕೆರೆಯ ಬಳಿಯ ವಿಮಾನ ಪರೀಕ್ಷಾಕ್ಷೇತ್ರದಲ್ಲಿ ೨೦೨೩ನೆಯ ಏಪ್ರಿಲ್ ೨ರಂದು ಇಸ್ರೋ ಸಂಸ್ಥೆಯವರು ಹೆಲಿಕಾಪ್ಟರಿನಿಂದ ಬಿಟ್ಟ ರೆಕ್ಕೆಯ ವಾಹನವು, ಯಾವ ಮನುಷ್ಯನೂ ಕೈಯಿಡದೆ ತಾನೇ ದಾರಿಯನ್ನು ನಿಶ್ಚಯಿಸಿಕೊಂಡು ನೆಲಕ್ಕಿಳಿಯಿತು. ೨೦೨೪ರಲ್ಲಿ ಮತ್ತೆ ಎರಡು ಸಲ ಇಳಿಯಿತು. ಯಂತ್ರವು ಇಷ್ಟು ದೂರ ಬಂದಿರುವಾಗ ಕೆಲಸಗಾರನ ಕೈಯನ್ನು ಕುರಿತು ಇಷ್ಟೇಕೆ ಚಿಂತೆಯೆಂದು ಕೇಳಬಹುದು. ಸಮಾಧಾನವೇನೆಂದರೆ, ಆ ವಾಹನದ ಹಿಂದೆ ಅದರ ಒಂದೊಂದು ಆಜ್ಞೆಯನ್ನೂ ಬರೆದವರು, ಓದಬಲ್ಲವರು, ತಪ್ಪಿದರೆ ತಿದ್ದಬಲ್ಲವರು ಅದೇ ಸಂಸ್ಥೆಯಲ್ಲಿರುವರು. ಕೈಯು ಹಿಂದೆ ಸರಿದಿರುವುದು, ತಿಳಿವಳಿಕೆಯು ಸರಿದಿಲ್ಲ. ಎಲ್ಲರೂ ಎಲ್ಲವನ್ನೂ ತಿಳಿಯಬೇಕೆಂದು ಯಾರೂ ಹೇಳುವುದಿಲ್ಲ. ವೈದ್ಯಶಾಸ್ತ್ರವನ್ನು ಓದದವನೂ ವೈದ್ಯನನ್ನು ನಂಬಿ ಬದುಕುವನು. ಆದರೆ ಊರಿಗೆ ಒಬ್ಬ ವೈದ್ಯನಾದರೂ ಬೇಕು. ಅವನು ಬರೆದ ಚೀಟಿಯು ರೋಗಿಯ ಕೈಯಲ್ಲಿಯಾದರೂ ಇರಬೇಕು.

ಇನ್ನು ಕೃತಜ್ಞತೆಯ ಮಾತು. ಆಯುಧಪೂಜೆಯ ದಿನ ಕುಂಕುಮವಿಟ್ಟು, ನಿಂಬೆಯ ಹಣ್ಣು ಕಟ್ಟಿ, ಕರ್ಪೂರ ಬೆಳಗಿಸಿದ ಯಂತ್ರವನ್ನು ಬಿಚ್ಚಿ ತೆಗೆಯುವಾಗ ಅಣ್ಣನ ಮನಸ್ಸು ನೋಯುವುದು ಸಹಜವು. ಈ ನೋವನ್ನು ಹಾಸ್ಯಮಾಡುವವನು ಮನುಷ್ಯಸ್ವಭಾವವನ್ನು ಅರಿಯದವನು. ಆದರೆ ಮಮತೆಯೂ ಕೃತಜ್ಞತೆಯೂ ಒಂದೇ ಅಲ್ಲ. ಮಮತೆಯು ವಸ್ತುವನ್ನು ತನ್ನದೆಂದು ಹಿಡಿದುಕೊಳ್ಳುವುದು. ಕೃತಜ್ಞತೆಯು ವಸ್ತುವು ಮಾಡಿದ ಉಪಕಾರವನ್ನು ಮುಂದುವರಿಸುವುದು. ಯಂತ್ರವು ಮಾಡಿದ ಉಪಕಾರವೆಂದರೆ ಸಂಸಾರಗಳನ್ನು ಸಾಕಿದುದು, ಕೆಲಸಗಾರನಿಗೆ ವಿದ್ಯೆಯನ್ನು ಕೊಟ್ಟುದು. ಆ ಅನ್ನವೂ ಆ ವಿದ್ಯೆಯೂ ಉಳಿಯುವಂತೆ ನಡೆದುಕೊಂಡರೆ ಯಂತ್ರದ ಋಣವು ತೀರಿದಂತಾಯಿತು.

ಆ ಅಣ್ಣತಮ್ಮಂದಿರು ಈ ವಿಚಾರವನ್ನು ಒಪ್ಪಿದರೆ ಮಾಡಬೇಕಾದುದು ಸ್ಪಷ್ಟವಾಗಿರುವುದು. ಮೊದಲು ಹಳೆಯ ಬೋರ್ಡನ್ನು ಒಂದು ಸಲ ತಿದ್ದಿಸಿ, ಗಿರಣಿಯವರಿಗೆ ಕೊಟ್ಟ ಮಾತನ್ನು ಸಲ್ಲಿಸತಕ್ಕದ್ದು. ಯಂತ್ರಕ್ಕೆ ಜೀವ ಬಂದ ಆ ದಿನವೇ ಅದರ ಅಂಕೆಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಇಲ್ಲಿ ಅಣ್ಣನ ಮಾತು ನಡೆಯಿತು. ಬಳಿಕ ಒಡಲನ್ನು ಅಳತೆಯ ಗಡಿಯಾರದಿಂದ ಪರೀಕ್ಷಿಸತಕ್ಕದ್ದು. ಅದು ಗಟ್ಟಿಯಾಗಿದ್ದು, ಬೋರ್ಡು ಮತ್ತೆ ಮತ್ತೆ ಕೈಕೊಡುವುದಾದರೆ ಹೊಸ ನಿಯಂತ್ರಕವನ್ನು ತರತಕ್ಕದ್ದು. ಇಲ್ಲಿ ತಮ್ಮನ ಮಾತು ನಡೆಯಿತು. ಆದರೆ ಕೂಡಿಸುವವರು ಬಂದಾಗ ಹದಿನೆಂಟು ವರ್ಷದ ಆ ಕೆಲಸಗಾರನು ದೂರ ನಿಲ್ಲದೆ, ಮೊದಲ ತಂತಿಯಿಂದ ಕೊನೆಯ ತಂತಿಯವರೆಗೆ ಅವರ ಪಕ್ಕದಲ್ಲಿಯೇ ಕುಳಿತಿರಬೇಕು. ರಹಸ್ಯಪದವೂ ಪುಸ್ತಕಗಳೂ ಪ್ರತಿಗಳೂ ಕೈಸೇರುವವರೆಗೆ ಕೊನೆಯ ಕಂತಿನ ಹಣವನ್ನು ಕೊಡಬಾರದು. ಬಿಚ್ಚಿ ತೆಗೆದ ಹಳೆಯ ಬೋರ್ಡುಗಳನ್ನು ಗುಜರಿಗೆ ಹಾಕದೆ, ಅದೇ ಬಗೆಯ ಯಂತ್ರವನ್ನು ಇನ್ನೂ ತಿದ್ದಿ ನಡೆಯಿಸುತ್ತಿರುವ ಮತ್ತೊಬ್ಬರಿಗೆ ಕೊಡಬಹುದು. ಒಡಲೇ ಸವೆದಿದ್ದರೆ ಈ ಯಾವುದನ್ನೂ ಮಾಡದೆ, ಆ ಯಂತ್ರಕ್ಕೆ ನಮಸ್ಕಾರ ಹೇಳಿ ಬಿಡುವುದೇ ವಿವೇಕವು.

ಮುಂದಿನ ಆಯುಧಪೂಜೆಯಲ್ಲಿ ಕುಂಕುಮವನ್ನಿಡುವ ಕೈಯು ಪೆಟ್ಟಿಗೆಯ ಬಾಗಿಲನ್ನು ತೆರೆಯಬಲ್ಲುದಾಗಿದ್ದರೆ, ಒಳಗಿರುವುದು ಹಳೆಯದೋ ಹೊಸದೋ ಎಂಬ ಚಿಂತೆಯು ಬೇಡ. ಜೀರ್ಣೋದ್ಧಾರವೆಂಬ ಪದದಲ್ಲಿ ಹಿರಿಯರು ಬಿಟ್ಟುಕೊಟ್ಟ ವಿವೇಕವು ಇದೇ ಎಂದು ತೋರುವುದು.